ಮನೆಯಲ್ಲೇ ಕಾರಿನ ಆಯಿಲ್ ಚೇಂಜ್: ಬೋಲ್ಟ್ ಬಿಚ್ಚುವ ಮೊದಲು ಮೂರು ಪ್ರಶ್ನೆಗೆ ಉತ್ತರ ಇರಲಿ

ಸಂತೆಗೆ ಮುಂಚೆ ಸರಕು ತರಬೇಕು. ಕಾರಿನ ಸರ್ವಿಸ್ ದಿನ ದಾಟಿ ತಿಂಗಳಾಗಿದೆ. ಕಂಪನಿ ಸರ್ವಿಸ್ ಸೆಂಟರ್ ಇರೋದು ಜಿಲ್ಲಾ ಕೇಂದ್ರದಲ್ಲಿ. ಹೋಗಿ ಬರೋದಕ್ಕೆ ಒಂದು ದಿನ ಬೇಕು, ಅಂಗಡಿ ಬಾಗಿಲು ಹಾಕಿದರೆ ಆ ದಿನದ ವ್ಯಾಪಾರ ಖೋತಾ. ಊರಿನ ಗ್ಯಾರೇಜಿಗೆ ಹೋದರೆ, ‘ಅಣ್ಣಾ, ಇವತ್ತು ಕೈ ಖಾಲಿ ಇಲ್ಲ, ನಾಳೆ ಬನ್ನಿ’ ಅನ್ನುವ ಮಾತು. ಹೀಗೆ ಮುಂದೂಡುತ್ತಾ ಹೋದವರು ಒಂದು ದಿನ ಮೊಬೈಲ್ ತೆಗೆದು ಹತ್ತು ನಿಮಿಷದ ವಿಡಿಯೊ ನೋಡುತ್ತಾರೆ. ‘ಇಷ್ಟೇನಾ? ಇದನ್ನ ನಾವೇ ಮಾಡ್ಕೋಬಹುದಲ್ಲ’ ಅನಿಸುತ್ತದೆ.

ಮಾಡಿಕೊಳ್ಳಬಹುದು, ಸುಳ್ಳಲ್ಲ. ಕೆಳಗಿನ ಬೋಲ್ಟ್ ಬಿಚ್ಚಿ ಹಳೇ ಎಣ್ಣೆ ಇಳಿಸುವುದು, ಫಿಲ್ಟರ್ ಬದಲಿಸುವುದು, ಮೇಲಿನಿಂದ ಹೊಸ ಎಣ್ಣೆ ಹಾಕುವುದು, ಇಷ್ಟೇ ಕೆಲಸ. ಕೈ ಪಳಗಿದವರಿಗೆ ಅರ್ಧ ಗಂಟೆ ಸಾಕು. ಮೊದಲ ಸಲ ಮಾಡುವವರು ಎರಡು ಗಂಟೆ ಇಟ್ಟುಕೊಂಡರೆ ಅವಸರ ಇರುವುದಿಲ್ಲ.

ಆದರೆ ವಿಡಿಯೊದಲ್ಲಿ ಸರಸರನೆ ದಾಟಿ ಹೋಗುವ ಮೂರು ಜಾಗಗಳಿವೆ. ಮೊದಲ ಸಲ ಮಾಡುವವರು ಎಡವುವುದು ಅಲ್ಲೇ. ಅದಕ್ಕೇ ಸ್ಪ್ಯಾನರ್ ಹಿಡಿಯುವ ಮೊದಲು ಮೂರು ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು.

ಒಂದು, ನೀವು ಕೆಳಗೆ ಮಲಗಿದಾಗ ಕಾರು ಯಾವುದರ ಮೇಲೆ ನಿಂತಿರುತ್ತದೆ?
ಎರಡು, ಬಿಚ್ಚಬೇಕಾದ ಬೋಲ್ಟ್ ಯಾವುದು?
ಮೂರು, ಇಳಿಸಿದ ಹಳೇ ಎಣ್ಣೆ ಎಲ್ಲಿಗೆ ಹೋಗುತ್ತದೆ?

ಮೂರರಲ್ಲಿ ಒಂದಕ್ಕೆ ಉತ್ತರ ಇಲ್ಲದಿದ್ದರೂ ಆ ದಿನ ಕೆಲಸ ಶುರು ಮಾಡುವುದು ಬೇಡ.

ಎಣ್ಣೆ ಯಾಕೆ ಬದಲಿಸಬೇಕು?

ಹಿಂದೆ ಎತ್ತಿನ ಗಾಡಿ ಇಟ್ಟವರ ಮನೆಯಲ್ಲಿ ಕೀಲೆಣ್ಣೆ ಇದ್ದೇ ಇರುತ್ತಿತ್ತು. ಅಚ್ಚಿಗೂ ಗುಂಬಕ್ಕೂ ನಡುವೆ ಎಣ್ಣೆ ಒಣಗಿದರೆ ಗಾಡಿ ಕಿರ್ ಅನ್ನುತ್ತಿತ್ತು, ಎತ್ತಿಗೆ ಎಳೆಯುವುದು ಭಾರವಾಗುತ್ತಿತ್ತು. ಕಾರಿನ ಎಂಜಿನ್ನಿನಲ್ಲೂ ಅದೇ ಲೆಕ್ಕ. ವ್ಯತ್ಯಾಸ ಇಷ್ಟೇ, ಇಲ್ಲಿ ಲೋಹದ ಭಾಗಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ. ಗಾಡಿಯ ಹಾಗೆ ಕಿರ್ ಅಂತ ಮುನ್ಸೂಚನೆ ಕೊಡುವುದೂ ಇಲ್ಲ, ಸದ್ದು ಬರುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಎಂಜಿನ್ ಆಯಿಲ್ ಸವೆತ ತಡೆಯುವುದರ ಜತೆಗೆ ಬಿಸಿಯನ್ನು ಹೊತ್ತೊಯ್ಯುತ್ತದೆ. ಉರಿಯುವಾಗ ಹುಟ್ಟುವ ಮಸಿಯನ್ನು, ಸವೆದ ಲೋಹದ ಸಣ್ಣ ಕಣಗಳನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಪಿಸ್ಟನ್ ಮತ್ತು ಸಿಲಿಂಡರ್ ನಡುವಿನ ಸಂದನ್ನು ಮುಚ್ಚುತ್ತದೆ. ದಿನ ಕಳೆದಂತೆ ಬಿಸಿಗೆ ಎಣ್ಣೆಯ ಗುಣ ಕುಂದುತ್ತದೆ, ಅದರಲ್ಲಿ ಬೆರೆಸಿದ ರಾಸಾಯನಿಕಗಳು ಖರ್ಚಾಗುತ್ತವೆ. ಆಮೇಲೆ ಎಣ್ಣೆ ಗಟ್ಟಿಯಾಗಿ ಕೆಸರು ಕಟ್ಟಿ ಸಣ್ಣ ದಾರಿಗಳನ್ನು ಮುಚ್ಚತೊಡಗುತ್ತದೆ.

ನಮ್ಮ ದೇಶದಲ್ಲಿ ಮಾರಾಟವಾಗುವ ಬಹುತೇಕ ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅನ್ನುವ ಲೆಕ್ಕ ಇರುತ್ತದೆ. ಈ ‘ಯಾವುದು ಮೊದಲೋ’ ಅನ್ನುವುದನ್ನೇ ಹಲವರು ಮರೆಯುತ್ತಾರೆ. ಮನೆಯಿಂದ ಅಂಗಡಿಗೆ ಎರಡು ಕಿ.ಮೀ. ಮಾತ್ರ ಓಡಿಸುವವರ ಕಾರು ವರ್ಷಕ್ಕೆ ಮೂರು ಸಾವಿರ ಕಿ.ಮೀ. ದಾಟದಿರಬಹುದು. ಆದರೂ ವರ್ಷಕ್ಕೊಮ್ಮೆ ಎಣ್ಣೆ ಬದಲಿಸಲೇಬೇಕು. ನಿಜ ಹೇಳಬೇಕೆಂದರೆ ಇಂಥ ಸಣ್ಣ ಓಟವೇ ಎಣ್ಣೆಗೆ ಹೆಚ್ಚು ಕೆಟ್ಟದ್ದು. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ನೀರಾವಿ ಆರಿ ಹೋಗುವುದಿಲ್ಲ, ಎಣ್ಣೆಯಲ್ಲೇ ಸೇರಿಕೊಳ್ಳುತ್ತದೆ. ಕ್ರಷರ್ ದೂಳು, ಮಣ್ಣಿನ ರಸ್ತೆ, ಭಾರದ ಲೋಡು ಇದ್ದರೆ ಇನ್ನೂ ಬೇಗ ಬದಲಿಸಬೇಕು.

ಯಾರು ಕೈ ಹಾಕಬಾರದು?

ಕಾರು ಇನ್ನೂ ವಾರಂಟಿಯಲ್ಲಿದ್ದರೆ ಮನೆಯ ಪ್ರಯೋಗ ಬೇಡ. ಕಂಪನಿ ಸರ್ವಿಸಿನ ದಾಖಲೆ ಇಲ್ಲದಿದ್ದರೆ ನಾಳೆ ಎಂಜಿನ್ನಿಗೆ ಏನಾದರೂ ಆದಾಗ ವಾರಂಟಿ ಕೇಳುವುದು ಕಷ್ಟ. ಸಮತಟ್ಟಾದ ಗಟ್ಟಿ ನೆಲ ಇಲ್ಲದವರು, ಜತೆಗೆ ಇನ್ನೊಬ್ಬರು ಇಲ್ಲದವರು, ಒಂದೇ ಗಂಟೆಯಲ್ಲಿ ಮದುವೆಗೋ ಆಸ್ಪತ್ರೆಗೋ ಅದೇ ಕಾರಿನಲ್ಲಿ ಹೊರಡಬೇಕಾದವರು ಗ್ಯಾರೇಜಿಗೆ ಹೋಗುವುದೇ ಒಳ್ಳೆಯದು.

ಇನ್ನೊಂದು ಮಾತು. ಈ ಕೆಲಸಕ್ಕೆ ಭಾನುವಾರ ಸಂಜೆ ಇಟ್ಟುಕೊಳ್ಳಬೇಡಿ. ವಾಷರ್ ಸಿಗಲಿಲ್ಲ, ಬೋಲ್ಟಿನ ಥ್ರೆಡ್ ಹೋಯ್ತು ಅಂದರೆ ಸ್ಪೇರ್ ಅಂಗಡಿ ತೆರೆದಿರಬೇಕು, ಅಲ್ಲಿಗೆ ಹೋಗಲು ಮನೆಯಲ್ಲಿ ಬೈಕೋ ಸ್ಕೂಟರೋ ಇರಬೇಕು. ವಾರದ ದಿನ ಬೆಳಿಗ್ಗೆಯೇ ಸರಿಯಾದ ಹೊತ್ತು.

ಉಳಿತಾಯ ಎಷ್ಟು?

ಹಿಂದಿನ ಸರ್ವಿಸ್ ಬಿಲ್ ತೆಗೆದು ನೋಡಿ. ಎಣ್ಣೆ, ಫಿಲ್ಟರ್, ವಾಷರ್ ಬೆಲೆ ಬೇರೆ ಮಾಡಿ. ಅವನ್ನು ನೀವೂ ಕೊಳ್ಳಲೇಬೇಕು. ಉಳಿಯುವುದು ಲೇಬರ್ ಚಾರ್ಜು ಮತ್ತು ‘ಕ್ಲೀನಿಂಗ್’, ‘ಟ್ರೀಟ್‌ಮೆಂಟ್’ ಅಂತ ಸೇರಿಸಿದ ಬಾಬ್ತುಗಳು. ಮೊದಲ ಸಲ ಸ್ಪ್ಯಾನರ್, ರ‍್ಯಾಂಪ್ ಅಥವಾ ಜಾಕ್ ಸ್ಟ್ಯಾಂಡ್, ಎಣ್ಣೆ ಹಿಡಿಯುವ ಪಾತ್ರೆ ಇವೆಲ್ಲ ಕೊಂಡರೆ ಉಳಿತಾಯ ಕಾಣುವುದೇ ಇಲ್ಲ, ಎರಡನೇ ಮೂರನೇ ಸಲಕ್ಕೆ ಕಾಣಬಹುದು. ಅಂಗಡಿ ಮುಚ್ಚಿ ಜಿಲ್ಲಾ ಕೇಂದ್ರಕ್ಕೆ ಹೋಗುವ ಒಂದು ದಿನ ಉಳಿಯುವುದು ಮತ್ತು ಎಂಜಿನ್ನಿಗೆ ಯಾವ ಎಣ್ಣೆ ಹೋಯಿತು ಎಂದು ಕಣ್ಣಾರೆ ಗೊತ್ತಿರುವುದು, ನಿಜವಾದ ಲಾಭ ಇವೆರಡೇ.

ಯಾವ ಎಣ್ಣೆ? ಎಷ್ಟು?

ಕಾರಿನ ಜತೆ ಕೊಟ್ಟ ಮಾಲೀಕರ ಕೈಪಿಡಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೇ ಇರುತ್ತದೆ. ಈ ವಿಷಯದಲ್ಲಿ ಕೊನೆಯ ಮಾತು ಅದರದ್ದೇ. ನೆಂಟರು ಹೇಳಿದ್ದು, ಅಂಗಡಿಯವರು ‘ಇದೇ ಎಲ್ಲರೂ ಹಾಕೋದು’ ಅಂದದ್ದು ಲೆಕ್ಕಕ್ಕಿಲ್ಲ.

ಡಬ್ಬಿಯ ಮೇಲೆ 5ಡಬ್ಲ್ಯು-30 ಎಂದು ಬರೆದಿರುತ್ತದೆ. ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಎಂಜಿನ್ ತಣ್ಣಗಿರುವಾಗ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ. ಅಂಕಿ ಸಣ್ಣದಾದಷ್ಟೂ ಚಳಿಯಲ್ಲಿ ಬೇಗ ಹರಿಯುತ್ತದೆ. ನಂತರದ ಅಂಕಿ ಎಂಜಿನ್ ಕಾದಾಗ ಎಣ್ಣೆ ಎಷ್ಟು ದಪ್ಪ ಉಳಿಯುತ್ತದೆ ಎನ್ನುವುದಕ್ಕೆ. ಈಚಿನ ಕೆಲವು ಪೆಟ್ರೋಲ್ ಕಾರುಗಳಿಗೆ 0ಡಬ್ಲ್ಯು-20, 0ಡಬ್ಲ್ಯು-16ರಂಥ ತೆಳು ಎಣ್ಣೆಯೇ ಬೇಕು. ‘ನಮ್ಮೂರು ಬಿಸಿಲು, ದಪ್ಪ ಆಯಿಲ್ ಹಾಕಿ’ ಅನ್ನುವ ಮಾತು ಇಂಥ ಎಂಜಿನ್ನಿಗೆ ಸಲ್ಲದು.

ಇನ್ನೊಂದು ಗುರುತು ಎಪಿಐ. ಪೆಟ್ರೋಲ್ ಎಂಜಿನ್ನಿಗೆ ಎಸ್‌ಎನ್, ಎಸ್‌ಪಿ ಹೀಗೆ ‘ಎಸ್’ನಿಂದ ಶುರುವಾಗುವ ದರ್ಜೆ, ಡೀಸೆಲ್‌ಗೆ ‘ಸಿ’ಯಿಂದ ಶುರುವಾಗುವ ದರ್ಜೆ. ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆ ಸೋಸುವ ಡಿಪಿಎಫ್ ಎಂಬ ಭಾಗ ಇದ್ದರೆ ಕಡಿಮೆ ಬೂದಿ ಉಳಿಸುವ ಎಣ್ಣೆಯೇ ಬೇಕು. ಬೇರೆ ಹಾಕಿದರೆ ಆ ದುಬಾರಿ ಭಾಗ ಕಟ್ಟಿಕೊಳ್ಳುತ್ತದೆ.

ಕಾರಿನ ಎಣ್ಣೆ ಉಳಿಯಿತೆಂದು ಬೈಕಿಗೆ ಸುರಿಯುವುದೂ ಬೇಡ. ಬಹುತೇಕ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಅದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿನ ಎಣ್ಣೆಯ ಜಾರುಗುಣಕ್ಕೆ ಕ್ಲಚ್ ಸ್ಲಿಪ್ ಆಗಬಹುದು. ಬೈಕಿನ ಡಬ್ಬಿಯ ಮೇಲೆ ಜಾಸೊ ಎಂಎ ಎಂಬ ಗುರುತು ಇರುವುದು ಇದಕ್ಕೇ.

ಪ್ರಮಾಣದ ವಿಷಯ: ಸಣ್ಣ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ ಮೂರರಿಂದ ಮೂರೂವರೆ ಲೀಟರ್ ಹಿಡಿಯುತ್ತದೆ, ಡೀಸೆಲ್ ಮತ್ತು ದೊಡ್ಡ ಗಾಡಿಗಳಿಗೆ ಹೆಚ್ಚು. ಕೈಪಿಡಿಯಲ್ಲಿ ‘ಫಿಲ್ಟರ್ ಸೇರಿ’ ಎಂದು ಬರೆದಿರುವ ಅಂಕಿಯನ್ನೇ ನೋಡಿ.

ಸಾಮಾನು ಮೊದಲೇ ಜೋಡಿಸಿ

ಸರಿಯಾದ ಎಣ್ಣೆ, ನಿಮ್ಮ ಮಾದರಿಗೇ ಸೇರಿದ ಫಿಲ್ಟರ್, ಡ್ರೈನ್ ಬೋಲ್ಟಿನ ಹೊಸ ವಾಷರ್. ಬೋಲ್ಟಿಗೆ ಕೂರುವ ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್. ಕಾರಿನಿಂದ ಕಾರಿಗೆ ಅಳತೆ ಬೇರೆ, 14, 17, 19 ಇವುಗಳಲ್ಲಿ ಒಂದಾಗಿರುವುದು ಹೆಚ್ಚು. ಕನಿಷ್ಠ ಐದು ಲೀಟರ್ ಹಿಡಿಯುವ ಅಗಲ ಬಾಯಿಯ ಟಬ್ಬು. ಆಲಿಕೆ, ಹಳೇ ಬಟ್ಟೆ, ನೈಟ್ರೈಲ್ ಕೈಗವಸು, ಕೆಳಗೆ ಹಾಸಲು ರಟ್ಟು. ಚೆಲ್ಲಿದರೆ ಹೀರಲು ಒಂದು ಬಕೆಟ್ ಮರದ ಹೊಟ್ಟು ಅಥವಾ ಮರಳು.

ಕೈಗವಸು ಶೋಕಿಗಲ್ಲ. ಬಳಸಿದ ಎಂಜಿನ್ ಎಣ್ಣೆ ವರ್ಷಗಟ್ಟಲೆ ಚರ್ಮಕ್ಕೆ ಹತ್ತುತ್ತಿದ್ದರೆ ಚರ್ಮದ ಕ್ಯಾನ್ಸರಿನ ಅಪಾಯ ಇದೆ. ಎಣ್ಣೆ ಬಟ್ಟೆಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಳ್ಳುವ ಅಭ್ಯಾಸವೂ ಬೇಡ.

ಮೊದಲ ಪ್ರಶ್ನೆ: ಕಾರು ಯಾವುದರ ಮೇಲೆ?

ಇಡೀ ಕೆಲಸದಲ್ಲಿ ಜೀವ ಹೋಗುವ ಜಾಗ ಇದೊಂದೇ. ಡಿಕ್ಕಿಯಲ್ಲಿ ಸ್ಟೆಪ್ನಿ ಜತೆ ಕೊಟ್ಟಿರುವ ಜಾಕಿ ಟೈರ್ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಲೇಬಾರದು. ಜಾಕಿ ವಾಲುವುದಕ್ಕೆ ಒಂದು ಕ್ಷಣ ಸಾಕು. ಕಾರಿನ ತೂಕ 800ರಿಂದ 1,000 ಕೆ.ಜಿ. ಇರುವಾಗ ಪಕ್ಕದಲ್ಲಿದ್ದವರು ಎತ್ತಿ ಹಿಡಿಯುತ್ತಾರೆ ಅನ್ನುವುದು ಆಗದ ಮಾತು.

ಇಟ್ಟಿಗೆ, ಹಾಲೋಬ್ಲಾಕ್, ಸೈಜುಗಲ್ಲು ಪೇರಿಸಿ ನಿಲ್ಲಿಸುವುದೂ ಅಷ್ಟೇ ಅಪಾಯ. ಹಾಲೋಬ್ಲಾಕ್ ಗೋಡೆಯ ಭಾರವನ್ನು ಸಮನಾಗಿ ಹೊರುತ್ತದೆ. ಕಾರಿನ ಭಾರ ಒಂದೇ ಜಾಗಕ್ಕೆ ಬಿದ್ದರೆ ಸೂಚನೆಯೇ ಕೊಡದೆ ಒಡೆಯುತ್ತದೆ.

ದಾರಿ ಎರಡಿವೆ. ಸುಲಭದ್ದು ರ‍್ಯಾಂಪ್: ಮುಂದಿನ ಎರಡು ಚಕ್ರ ಹತ್ತಿಸುವ ಕಬ್ಬಿಣದ ಜೋಡಿ. ಇನ್ನೊಂದು ಜಾಕ್ ಸ್ಟ್ಯಾಂಡ್: ಜಾಕಿಯಿಂದ ಎತ್ತಿ, ಕೈಪಿಡಿಯಲ್ಲಿ ತೋರಿಸಿದ ಗಟ್ಟಿ ಜಾಗದ ಕೆಳಗೆ ಎರಡೂ ಬದಿ ಸ್ಟ್ಯಾಂಡ್ ಇಟ್ಟು, ಭಾರವನ್ನು ಅದರ ಮೇಲೆ ಇಳಿಸುವುದು. ಯಾವುದೇ ಆದರೂ ಸಿಮೆಂಟ್ ನೆಲ ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು ಕೊಡಿ. ಸ್ಟೆಪ್ನಿ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಟ್ಟರೆ ಅದೊಂದು ಹೆಚ್ಚಿನ ಕಾವಲು. ಕೆಳಗೆ ಹೋಗುವ ಮುನ್ನ ಕಾರನ್ನು ಕೈಯಿಂದ ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿ. ಅಲ್ಲಾಡಿ ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ.

ಕಾರಿನ ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಎಣ್ಣೆ ಇಳಿಸಿದ ಹೊತ್ತಿನಲ್ಲಿ ಮನೆಯವರು ಯಾರಾದರೂ ಗೊತ್ತಿಲ್ಲದೆ ಸ್ಟಾರ್ಟ್ ಮಾಡಿದರೆ ಎಂಜಿನ್ ಕಥೆ ಮುಗಿಯಿತು.

ಎರಡನೇ ಪ್ರಶ್ನೆ: ಬೋಲ್ಟ್ ಯಾವುದು?

ಮುಂದಿನ ಚಕ್ರಗಳು ಎಳೆಯುವ ಸಣ್ಣ ಕಾರುಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಅಕ್ಕಪಕ್ಕ ಕೂತಿರುತ್ತವೆ. ಎರಡಕ್ಕೂ ತಳದಲ್ಲಿ ಒಂದೊಂದು ಡ್ರೈನ್ ಬೋಲ್ಟ್ ಇರುತ್ತದೆ. ಮೊದಲ ಸಲ ಮಾಡುವವರು ಎಂಜಿನ್ ಎಂದುಕೊಂಡು ಗೇರ್ ಆಯಿಲ್ ಇಳಿಸಿಬಿಡುವುದು ಉಂಟು. ಆಮೇಲೆ ಮೇಲಿನಿಂದ ಹೊಸ ಎಣ್ಣೆ ಹಾಕುತ್ತಾರೆ. ಎಂಜಿನ್ನಿನಲ್ಲಿ ಎರಡು ಪಟ್ಟು ಎಣ್ಣೆ, ಗೇರ್‌ಬಾಕ್ಸ್ ಖಾಲಿ. ಹಾಗೇ ಓಡಿಸಿದರೆ ಎರಡೂ ಹಾಳು.

ಗುರುತು ಹಿಡಿಯುವುದು ಹೀಗೆ: ಎಂಜಿನ್ನಿನ ತಳದ ಪಾತ್ರೆ, ಮೆಕ್ಯಾನಿಕ್‌ಗಳು ‘ಚೇಂಬರ್’ ಅನ್ನುವುದು, ಬಹಳ ಕಾರುಗಳಲ್ಲಿ ಕಪ್ಪು ಬಣ್ಣದ ತಗಡಿನದು. ಗೇರ್‌ಬಾಕ್ಸ್ ಬಿಳಿಚಿದ ಅಲ್ಯೂಮಿನಿಯಂ ಎರಕ, ಅದರ ಬದಿಯಿಂದ ಚಕ್ರಕ್ಕೆ ಆಕ್ಸಲ್ ಹೋಗಿರುತ್ತದೆ. ಆದರೆ ಕೆಲವು ಕಾರುಗಳಲ್ಲಿ ಚೇಂಬರೂ ಅಲ್ಯೂಮಿನಿಯಂ. ಹಾಗಾಗಿ ಎಲ್ಲಕ್ಕಿಂತ ಒಳ್ಳೆಯ ಉಪಾಯ, ಒಂದು ಸಲ ಗ್ಯಾರೇಜಿನಲ್ಲಿ ಆಯಿಲ್ ಬದಲಿಸುವಾಗ ಪಕ್ಕದಲ್ಲಿ ನಿಂತು ನೋಡುವುದು. ‘ಅಣ್ಣಾ, ಇದರದ್ದು ಆಯಿಲ್ ಬೋಲ್ಟ್ ಯಾವುದು, ಫಿಲ್ಟರ್ ಎಲ್ಲಿ ಬರುತ್ತೆ?’ ಎಂದು ಕೇಳಿ, ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ. ಕೇಳಿದರೆ ತೋರಿಸದ ಮೆಕ್ಯಾನಿಕ್ ಕಡಿಮೆ.

ಹಳೇ ಓಮ್ನಿ ಇಟ್ಟುಕೊಂಡ ಅಂಗಡಿಯವರಿಗೆ ಈ ಲೆಕ್ಕ ಬೇರೆ. ಅದರ ಎಂಜಿನ್ ಮುಂದಿನ ಸೀಟಿನ ಕೆಳಗೆ ಇರುತ್ತದೆ.

ಎಣ್ಣೆ ಇಳಿಸುವುದು

ಎಂಜಿನ್ ಮೂರರಿಂದ ಐದು ನಿಮಿಷ ಓಡಿಸಿ ನಿಲ್ಲಿಸಿ. ಬೆಚ್ಚಗಿನ ಎಣ್ಣೆ ತೆಳ್ಳಗಾಗಿ, ಮಸಿಯನ್ನೂ ಜತೆಗೆ ಹೊತ್ತು ಇಳಿಯುತ್ತದೆ. ಆದರೆ ದೂರ ಓಡಿಸಿ ಬಂದ ಕೂಡಲೇ ಬಿಚ್ಚಬೇಡಿ. ಕುದಿಯುವಷ್ಟು ಬಿಸಿ ಎಣ್ಣೆ ಕೈ ಮೇಲೆ ಬಿದ್ದರೆ ಚರ್ಮ ಸುಲಿಯುತ್ತದೆ. ಸೈಲೆನ್ಸರ್ ಪೈಪಿಗೂ ಕೈ ತಾಗದಂತೆ ನೋಡಿಕೊಳ್ಳಿ.

ಮೇಲೆ ಬಾನೆಟ್ ತೆಗೆದು ಎಣ್ಣೆ ಹಾಕುವ ಮುಚ್ಚಳವನ್ನು ಮೊದಲು ಸಡಿಲಿಸಿ. ಮೇಲಿನದು ತೆರೆಯುತ್ತದೆ ಎಂದು ಖಾತ್ರಿಯಾದ ಮೇಲೇ ಕೆಳಗಿನದಕ್ಕೆ ಕೈ ಹಾಕಬೇಕು.

ಟಬ್ಬನ್ನು ಬೋಲ್ಟಿನ ನೇರಕ್ಕಿಂತ ಸ್ವಲ್ಪ ಮುಂದಕ್ಕೆ ಇಡಿ, ಎಣ್ಣೆ ಮೊದಲು ಓರೆಯಾಗಿ ಚಿಮ್ಮುತ್ತದೆ. ಬೋಲ್ಟಿನ ತಲೆಯನ್ನು ನೇರವಾಗಿ ನೋಡುತ್ತಾ ಎಡಕ್ಕೆ ತಿರುಗಿಸಿದರೆ ಸಡಿಲ. ಮಲಗಿಕೊಂಡು ನೋಡುವಾಗ ಎಡಬಲ ಗಲಿಬಿಲಿಯಾಗುತ್ತದೆ, ಒಮ್ಮೆ ಯೋಚಿಸಿ ತಿರುಗಿಸಿ. ತಿರುಗುವ ಅಡ್ಜಸ್ಟಬಲ್ ಸ್ಪ್ಯಾನರ್ ಹಾಕಿದರೆ ಬೋಲ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ, ಆಮೇಲೆ ಯಾವ ಸ್ಪ್ಯಾನರೂ ಹಿಡಿಯುವುದಿಲ್ಲ. ಸಡಿಲವಾದ ಮೇಲೆ ಕೈಯಿಂದ ಬಿಚ್ಚಿ, ಕೊನೆಯ ಸುತ್ತಿಗೆ ಕೈಯನ್ನು ಚಟ್ಟನೆ ಪಕ್ಕಕ್ಕೆ ತೆಗೆಯಿರಿ.

ಹತ್ತರಿಂದ ಹದಿನೈದು ನಿಮಿಷ ಸುಮ್ಮನೆ ಬಿಡಿ. ಹನಿ ಹನಿ ಬೀಳುವ ಹೊತ್ತಿಗೆ ಬೋಲ್ಟ್ ಒರೆಸಿ, ಹಳೇ ವಾಷರ್ ತೆಗೆದು ಹೊಸದು ಹಾಕಿ. ವಾಷರ್ ಬೆಲೆ ಸಣ್ಣದು, ಹಳೆಯದನ್ನೇ ಹಾಕಿದರೆ ಸೋರುವುದು ದೊಡ್ಡ ತಲೆನೋವು. ಬೋಲ್ಟನ್ನು ಮೊದಲು ಬೆರಳಿನಿಂದಲೇ ನಾಲ್ಕೈದು ಸುತ್ತು ತಿರುಗಿಸಿ. ಬೆರಳಿಗೆ ಸಲೀಸಾಗಿ ಹೋಗದಿದ್ದರೆ ಓರೆಯಾಗಿ ಕೂತಿದೆ ಎಂದರ್ಥ, ಬಿಚ್ಚಿ ಮತ್ತೆ ಕೂರಿಸಿ. ಸ್ಪ್ಯಾನರ್ ಹಾಕಿ ಒತ್ತಾಯ ಮಾಡಿದರೆ ಚೇಂಬರಿನ ಥ್ರೆಡ್ಡೇ ಹೋಗುತ್ತದೆ. ಕೊನೆಗೆ ಗಟ್ಟಿಯಾಗಿ ಬಿಗಿಯಿರಿ, ಆದರೆ ಸ್ಪ್ಯಾನರ್ ಮೇಲೆ ಕಾಲಿಟ್ಟು ತುಳಿಯುವುದು ಬೇಡ. ‘ಇನ್ನೊಂದು ಸ್ವಲ್ಪ’ ಅನ್ನುವ ಆಸೆಯಲ್ಲೇ ಥ್ರೆಡ್ ಹೋಗುವುದು.

ಫಿಲ್ಟರ್: ರಬ್ಬರ್ ರಿಂಗ್ ನೋಡಿ

ಹಳೇ ಫಿಲ್ಟರನ್ನು ಕೈಯಿಂದ ಅಥವಾ ಫಿಲ್ಟರ್ ಸ್ಪ್ಯಾನರಿನಿಂದ ಬಿಚ್ಚಿ. ಅದರೊಳಗೂ ಎಣ್ಣೆ ಇರುತ್ತದೆ, ಟಬ್ಬು ಕೆಳಗಿರಲಿ. ಬಿಚ್ಚಿದ ಫಿಲ್ಟರಿನ ಬಾಯಿಯಲ್ಲಿ ಅದರ ರಬ್ಬರ್ ರಿಂಗ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅದು ಎಂಜಿನ್ನಿಗೇ ಅಂಟಿಕೊಂಡಿದೆ. ಅದರ ಮೇಲೆ ಹೊಸ ಫಿಲ್ಟರ್ ಹಾಕಿದರೆ ಎರಡು ರಿಂಗ್ ಒಂದರ ಮೇಲೊಂದು ಕೂತು, ಎಂಜಿನ್ ಸ್ಟಾರ್ಟ್ ಆದ ಒತ್ತಡಕ್ಕೆ ಜಾರಿ, ಹೊಸ ಎಣ್ಣೆಯೆಲ್ಲಾ ನಿಮಿಷಗಳಲ್ಲಿ ನೆಲಕ್ಕೆ ಬೀಳಬಹುದು.

ಎಂಜಿನ್ ಬದಿಯನ್ನು ಶುಭ್ರವಾಗಿ ಒರೆಸಿ. ಹೊಸ ಫಿಲ್ಟರಿನ ರಿಂಗಿಗೆ ಬೆರಳಿನಿಂದ ಹೊಸ ಎಣ್ಣೆ ಸವರಿ. ಕೈಯಿಂದಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಬಿಗಿದರೆ ಸಾಕು. ಸರಿಯಾದ ಅಳತೆ ಫಿಲ್ಟರಿನ ಮೇಲೇ ಅಚ್ಚಾಗಿರುತ್ತದೆ. ಕೆಲವು ಕಾರುಗಳಲ್ಲಿ ಡಬ್ಬಿ ಬದಲು ಒಳಗೆ ಕಾಗದದ ಫಿಲ್ಟರ್ ಮಾತ್ರ ಬದಲಾಗುತ್ತದೆ, ಆಗ ಮುಚ್ಚಳದ ರಿಂಗನ್ನೂ ಬದಲಿಸಬೇಕು.

ಹೊಸ ಎಣ್ಣೆ ಹಾಕುವಾಗ

ಕೈಪಿಡಿಯ ಲೆಕ್ಕ ಮೂರು ಲೀಟರ್ ಇದ್ದರೆ ಮೊದಲು ಎರಡೂವರೆ ಹಾಕಿ. ಡಿಪ್‌ಸ್ಟಿಕ್ ಎಳೆದು, ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆದು ನೋಡಿ. ಆಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸಿ. ಕಾರು ಸಮತಟ್ಟಾಗಿ ನೆಲದ ಮೇಲೆ ಇರುವಾಗ ಮಾತ್ರ ಡಿಪ್‌ಸ್ಟಿಕ್ ನಿಜ ಹೇಳುತ್ತದೆ. ಮೂತಿ ಎತ್ತಿ ನಿಂತ ಕಾರಿನಲ್ಲಿ ಅದನ್ನು ನಂಬಬೇಡಿ.

ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯಂಥ ಕೆಂಪು ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಕೂಡಲೇ ಆಫ್ ಮಾಡಿ. ಆರಿದರೆ ಒಂದೆರಡು ನಿಮಿಷ ಓಡಲಿ, ಆಕ್ಸಿಲರೇಟರ್ ಒತ್ತಬೇಡಿ. ಜತೆಗಿದ್ದವರು ಬದಿಯಿಂದ ಬಗ್ಗಿ ಬೋಲ್ಟ್ ಮತ್ತು ಫಿಲ್ಟರ್ ಬಳಿ ಸೋರುತ್ತಿದೆಯೇ ನೋಡಲಿ. ನಿಲ್ಲಿಸಿ, ಕಾರನ್ನು ಸಮತಟ್ಟಿಗೆ ಇಳಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ, ಮೇಲಿನ ಗುರುತಿನ ಹತ್ತಿರ ಇದ್ದರೆ ಸರಿ.

‘ಒಂದರ್ಧ ಲೀಟರ್ ಜಾಸ್ತಿ ಇದ್ದರೆ ಒಳ್ಳೇದೇ’ ಅನ್ನುವುದು ತಪ್ಪು. ಮಟ್ಟ ಮೇಲೇರಿದರೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ. ನೊರೆ ಎಣ್ಣೆ ಬೇರಿಂಗಿಗೆ ಸರಿಯಾಗಿ ಸೇರುವುದಿಲ್ಲ, ಸೀಲ್‌ಗಳಲ್ಲಿ ಸೋರುತ್ತದೆ. ಹೆಚ್ಚಾಗಿದ್ದರೆ ಮುಲಾಜಿಲ್ಲದೆ ಇಳಿಸಬೇಕು.

ತಾರೀಕು, ಕಿ.ಮೀ., ಎಣ್ಣೆಯ ಹೆಸರು, ದರ್ಜೆ ಇವನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ. ಮರುದಿನ ಬೆಳಿಗ್ಗೆ ಕಾರು ನಿಂತ ಜಾಗದಲ್ಲಿ ಹನಿ ಬಿದ್ದಿದೆಯೇ ನೋಡಿ, ಮಟ್ಟವನ್ನೂ ಇನ್ನೊಮ್ಮೆ ನೋಡಿ.

ಮೂರನೇ ಪ್ರಶ್ನೆ: ಹಳೇ ಎಣ್ಣೆ ಎಲ್ಲಿಗೆ?

ಕಾರಿನ ಕೆಲಸ ಮುಗಿದರೂ ಟಬ್ಬಿನಲ್ಲಿ ಮೂರು ಲೀಟರ್ ಕಪ್ಪು ಎಣ್ಣೆ ಉಳಿದಿರುತ್ತದೆ. ಗ್ಯಾರೇಜಿಗೂ ಮನೆಗೂ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ. ಗ್ಯಾರೇಜಿನಲ್ಲಿ ಅದಕ್ಕೊಂದು ಡ್ರಮ್ ಇದೆ, ಮನೆಯಲ್ಲಿ ಇರುವುದು ಚರಂಡಿ.

ಚರಂಡಿಗೆ ಸುರಿದದ್ದು ಮಳೆ ಬಂದಾಗ ಕೆರೆಗೆ ಹೋಗುತ್ತದೆ. ನೀರಿನ ಮೇಲೆ ಪೊರೆಯಂತೆ ಹರಡಿ ಗಾಳಿಯನ್ನು ತಡೆಯುತ್ತದೆ, ಮೀನಿಗೆ ಉಸಿರು ಕಟ್ಟುತ್ತದೆ. ಹಿತ್ತಲಿನ ಮಣ್ಣಿಗೆ ಸುರಿದದ್ದು ನಿಧಾನಕ್ಕೆ ಒಳಗಿಳಿದು ಬಾವಿ, ಬೋರ್‌ವೆಲ್ ನೀರನ್ನು ತಲುಪಬಹುದು. ಒಂದು ಸಲದ ಆಯಿಲ್ ಚೇಂಜಿನ ಎಣ್ಣೆಯಿಂದ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರು ಕೆಡಬಹುದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಹತ್ತು ಸಾವಿರ ಲೀಟರ್ ಟ್ಯಾಂಕರಿನ ಲೆಕ್ಕದಲ್ಲಿ ಅದು 380 ಟ್ಯಾಂಕರ್ ನೀರು. ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಕಾಯುವ ಊರುಗಳಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

‘ನಾವು ಚೆಲ್ಲೋದಿಲ್ಲ, ಗೆದ್ದಲು ಹಿಡಿಯದಂಗೆ ಬೇಲಿ ಗೂಟಕ್ಕೆ ಬಳೀತೀವಿ’ ಎನ್ನುವವರಿದ್ದಾರೆ. ಅದೂ ಮಳೆಗೆ ತೊಳೆದು ಮಣ್ಣಿಗೇ ಸೇರುತ್ತದೆ. ಕಜ್ಜಿ ಹತ್ತಿದ ನಾಯಿಗೆ ಹಳೇ ಆಯಿಲ್ ಸವರುವುದು ಇನ್ನೂ ತಪ್ಪು. ನಾಯಿ ಅದನ್ನು ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಅದಕ್ಕೆ ಪಶು ಆಸ್ಪತ್ರೆಯಲ್ಲಿ ಔಷಧಿ ಇದೆ. ಒಲೆಗೆ ಸುರಿದು ಉರಿಸಿದರೆ ಎಣ್ಣೆಯಲ್ಲಿರುವ ಲೋಹದ ಅಂಶ ಹೊಗೆಯ ಜತೆ ಮನೆಯವರ ಎದೆಗೇ ಹೋಗುತ್ತದೆ.

ಕಾನೂನಿನ ಪ್ರಕಾರವೂ ಇದು ಸಾಮಾನ್ಯ ಕಸ ಅಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆ ಸೇರಿದೆ. 2023ರ ತಿದ್ದುಪಡಿಯಂತೆ, 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸುವ ಮತ್ತು ಆಮದು ಮಾಡುವ ಕಂಪನಿಗಳೇ ಹಳೇ ಎಣ್ಣೆಯ ಮರುಸಂಸ್ಕರಣೆಗೆ ಹೊಣೆ ಹೊರಬೇಕು. ಎಣ್ಣೆ ಸವೆದು ಇಲ್ಲವಾಗುವುದಿಲ್ಲ, ಕೊಳೆಯಾಗುತ್ತದೆ ಅಷ್ಟೇ. ಕೊಳೆ ತೆಗೆದು ಸಂಸ್ಕರಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಆದರೆ ಆ ಡ್ರಮ್ ತನಕ ತಲುಪಿಸುವುದು ಬೋಲ್ಟ್ ಬಿಚ್ಚಿದವರ ಕೆಲಸ.

ಮಾಡಬೇಕಾದ್ದು ಇಷ್ಟು: ಎಣ್ಣೆ ತಣ್ಣಗಾದ ಮೇಲೆ ಖಾಲಿಯಾದ ಹೊಸ ಡಬ್ಬಿಗೇ ತುಂಬಿ, ಮುಚ್ಚಳ ಬಿಗಿದು, ಮೇಲೆ ‘ಹಳೇ ಆಯಿಲ್’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ನೀರಿನ ಬಾಟಲಿ, ಜ್ಯೂಸ್ ಬಾಟಲಿಗೆ ತುಂಬಬೇಡಿ, ಮಕ್ಕಳು ಕುಡಿಯುವ ಅಪಾಯ ಇದೆ. ಪೆಟ್ರೋಲ್, ಕೂಲೆಂಟ್, ಬ್ರೇಕ್ ಆಯಿಲ್, ನೀರು ಯಾವುದನ್ನೂ ಬೆರೆಸಬೇಡಿ; ಬೆರೆತರೆ ಮರುಸಂಸ್ಕರಣೆಗೆ ಬಾರದು. ಹಳೇ ಫಿಲ್ಟರನ್ನು ರಾತ್ರಿಯಿಡೀ ಬೋರಲು ಹಾಕಿ ಎಣ್ಣೆ ಸೋರಿಸಿ, ಅದನ್ನೂ ಜತೆಗೆ ಕೊಡಿ. ನೆಲಕ್ಕೆ ಚೆಲ್ಲಿದ್ದರೆ ಹೊಟ್ಟು ಹಾಕಿ ಹೀರಿಸಿ ಗುಡಿಸಿ, ನೀರು ಹಾಕಿ ತೊಳೆಯಬೇಡಿ.

ಇದನ್ನು ಎಲ್ಲಿ ಕೊಡುವುದು ಎಂದು ಕೆಲಸಕ್ಕೆ ಮುಂಚೆಯೇ ವಿಚಾರಿಸಿ. ಪರಿಚಯದ ಗ್ಯಾರೇಜ್ ಅಥವಾ ಸರ್ವಿಸ್ ಸ್ಟೇಷನ್‌ನಲ್ಲಿ, ‘ಅಣ್ಣಾ, ನಮ್ಮ ಹಳೇ ಆಯಿಲ್ ತಗೋತೀರಾ? ನೀವು ಯಾರಿಗೆ ಕೊಡ್ತೀರಿ?’ ಎಂದು ಎರಡು ಮಾತು ಕೇಳಿದರೆ ಸಾಕು. ಅಧಿಕೃತ ಮರುಸಂಸ್ಕರಣೆಯವರಿಗೆ ಕೊಡುವ ಜಾಗವಾದರೆ ಅಲ್ಲಿಗೇ ಒಯ್ಯಿರಿ. ಗೊತ್ತಾಗದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಬಹುದು.

ಅಂಗಡಿಯವರಿಗೆ ಎರಡು ಮಾತು

ಬ್ರ್ಯಾಂಡ್ ಹೆಸರಿನ ಖಾಲಿ ಡಬ್ಬಿಗಳು ಗುಜರಿಗೆ ಹೋಗಿ, ಸೋಸಿದ ಹಳೇ ಎಣ್ಣೆ ತುಂಬಿಕೊಂಡು ಮತ್ತೆ ಮಾರುಕಟ್ಟೆಗೆ ಬರುವ ದಂಧೆ ಇದೆ. ಕೊಳ್ಳುವಾಗ ಸೀಲ್, ಬ್ಯಾಚ್ ನಂಬರ್, ತಯಾರಿಸಿದ ತಿಂಗಳು ನೋಡಿ, ಬಿಲ್ ಕೇಳಿ ಪಡೆಯಿರಿ. ಎಂಆರ್‌ಪಿಗಿಂತ ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕರೆ ಅನುಮಾನಿಸಿ. ನಿಮ್ಮ ಖಾಲಿ ಡಬ್ಬಿಯ ಲೇಬಲ್ ಹರಿಯಿರಿ, ಹಳೇ ಎಣ್ಣೆ ಕೊಟ್ಟು ಬಂದ ಮೇಲೆ ಡಬ್ಬಿಗೆ ತೂತು ಮಾಡಿಯೇ ಗುಜರಿಗೆ ಹಾಕಿ.

ಬಿಡಿಭಾಗ ಮಾರುವವರು ಎಣ್ಣೆಯ ಜತೆ ವಾಷರ್ ಒಂದನ್ನು ಕೈಗಿಟ್ಟು, ‘ಹಳೇ ಆಯಿಲ್ ಎಲ್ಲಿ ಕೊಡ್ತೀರಿ?’ ಎಂದು ಕೇಳಿದರೆ ಗಿರಾಕಿಗೂ ಉಪಕಾರ, ಊರಿನ ಕೆರೆಗೂ ಉಪಕಾರ.

ಎಡವಟ್ಟಾದರೆ

ಬೋಲ್ಟ್ ಬಿಗಿದಷ್ಟೂ ತಿರುಗುತ್ತಲೇ ಇದ್ದರೆ ಥ್ರೆಡ್ ಹೋಗಿದೆ. ಎಂ-ಸೀಲ್ ಮೆತ್ತಿ ಓಡಿಸುವ ಸಾಹಸ ಬೇಡ, ದಾರಿಯಲ್ಲಿ ಕಿತ್ತು ಬಂದರೆ ಎಂಜಿನ್ನೇ ಹೋಗುತ್ತದೆ. ಇಳಿದ ಎಣ್ಣೆ ಕಪ್ಪಗಿಲ್ಲದೆ ಜೇನಿನ ಬಣ್ಣಕ್ಕಿದ್ದು ಘಾಟು ವಾಸನೆ ಬಂದರೆ ಅದು ಗೇರ್ ಆಯಿಲ್ ಆಗಿರಬಹುದು. ಇಳಿದ ಎಣ್ಣೆ ಹಾಲು ಬೆರೆಸಿದ ಚಹಾದಂತಿದ್ದರೆ ಒಳಗೆ ನೀರು ಸೇರಿದೆ. ಈ ಮೂರರಲ್ಲಿ ಯಾವುದಾದರೂ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಡೀಸೆಲ್ ಕಾರಿನ ಹೊಸ ಎಣ್ಣೆ ಒಂದೆರಡು ದಿನದಲ್ಲೇ ಕಪ್ಪಾದರೆ ಮಾತ್ರ ಗಾಬರಿ ಬೇಡ, ಅದು ಮಸಿಯನ್ನು ಹಿಡಿದುಕೊಳ್ಳುವ ರೀತಿಯೇ ಹಾಗೆ.

ಕೆಲಸ ಮಾಡಿ ನೋಡಿದವರಿಗೆ ಒಂದು ವಿಷಯ ಅರ್ಥವಾಗುತ್ತದೆ: ಗ್ಯಾರೇಜಿನವರು ತೆಗೆದುಕೊಳ್ಳುವ ಲೇಬರ್ ಬೋಲ್ಟ್ ತಿರುಗಿಸಿದ್ದಕ್ಕೆ ಮಾತ್ರ ಅಲ್ಲ. ಕಾರು ಬೀಳದಂತೆ ನಿಲ್ಲಿಸಿದ್ದಕ್ಕೆ, ಸರಿಯಾದ ಬೋಲ್ಟನ್ನೇ ಬಿಚ್ಚಿದ್ದಕ್ಕೆ, ಹಳೇ ಎಣ್ಣೆಯನ್ನು ಡ್ರಮ್ಮಿಗೆ ಹಾಕಿದ್ದಕ್ಕೆ. ಆ ಮೂರನ್ನೂ ಮನೆಯಲ್ಲಿ ಮಾಡಲು ತಯಾರಿದ್ದರೆ ಧಾರಾಳವಾಗಿ ಮಾಡಿ. ಇಲ್ಲದಿದ್ದರೆ ‘ನಾಳೆ ಬನ್ನಿ’ ಅಂದ ಗ್ಯಾರೇಜಿಗೆ ನಾಳೆಯೇ ಹೋಗಿ, ಇನ್ನೊಂದು ತಿಂಗಳು ಮುಂದೂಡಬೇಡಿ.